ಮೀನು ಹೇಳಿದ ಸಾಕ್ಷಿ

ಶ್ರೀರಂಗಪಟ್ಟಣದಲ್ಲಿ ವಾಂತಿಭೇದಿ ಹಬ್ಬಿದ್ದ ಆ ಬೇಸಿಗೆಯಲ್ಲಿ, ಹೊಳೆನೀರನ್ನು ಕಾಯಿಸಿ ಆರಿಸಿಯೇ ಕುಡಿಯಬೇಕೆಂದು ಡಂಗುರ ಸಾರಿದ್ದರು. ಎದುರುಮನೆಯಿಂದ ಆಗಲೇ ಎರಡು ಹೆಣ ಹೋಗಿದ್ದವು. ಮುತ್ತಮ್ಮ ಜೀವ ಕೈಯಲ್ಲಿ ಹಿಡಿದುಕೊಂಡು, ಮಗಳು ಗೌರಿ ಕುಡಿಯುವ ನೀರನ್ನೆಲ್ಲ ಕುದಿಸಿ, ಬಟ್ಟೆಯಲ್ಲಿ ಸೋಸಿ ಮುಚ್ಚಿಡುತ್ತಿದ್ದಳು.

"ಮೀನ್ಗೂ ಬೇನೆ ಬಂದ್ರೆ?" ಎಂದು ಗೌರಿ ಅತ್ತಳು. ಅವಳಪ್ಪ ಮೈಸೂರಿನಿಂದ ತಂದಿದ್ದ ಗಾಜಿನ ತೊಟ್ಟಿಯಲ್ಲಿ ಹೊಳೆಯ ಮರಿಮೀನುಗಳಿದ್ದವು. ಮುತ್ತಮ್ಮ ಹಳೆಯ ನೀರು ಚೆಲ್ಲಿ, ಕಾಯಿಸಿ ಆರಿಸಿದ ಶುದ್ಧ ನೀರನ್ನೇ ತುಂಬಿದಳು.

ಕುದಿದ ನೀರಿನಲ್ಲಿ ಮೀನಿಗೆ ಬೇಕಾದ ಉಸಿರು ಉಳಿದಿರುವುದಿಲ್ಲವೆಂದು ಆ ಮನೆಯಲ್ಲಿ ಯಾರಿಗೆ ಗೊತ್ತು? ಸ್ವಲ್ಪ ಹೊತ್ತಿಗೆಲ್ಲ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು.

ಅತ್ತೆ ಚೌಡಮ್ಮ ಓಡಿಬಂದು, ಬದುಕುಳಿದಿದ್ದ ಒಂದು ಮೀನನ್ನು ಬೊಗಸೆಯಲ್ಲಿ ಹಿಡಿದು, ಆಗತಾನೆ ಹೊಳೆನೀರು ತುಂಬಿದ್ದ ಹಂಡೆಗೆ ಬಿಟ್ಟಳು. ಅದು ಬಾಲ ಬಡಿದು ಈಜಿತು.

"ನೋಡ್ದೇನಮ್ಮಿ? ಮೀನ್ನೇ ಸಾಯ್ಸೋ ನೀರ್ನ ನನ್ ಮೊಮ್ಮಗಳಿಗೆ ಕುಡುಸ್ತಿದ್ದೀಯಲ್ಲ!" ಎಂದು ಬೈದು, ಕಾಯಿಸಿಟ್ಟ ನೀರನ್ನೆಲ್ಲ ಬಚ್ಚಲಿಗೆ ಸುರಿದಳು.

"ಡಂಗುರದೋರು ಅಂಗೇ ಯೋಳಿದ್ರಲ್ಲ ಅತ್ತೆ..."

"ಡಂಗುರದೋನ ಮಾತು ದೊಡ್ದೋ, ಕಣ್ಣೆದುರ್ಗಿರೋ ಮೀನು ದೊಡ್ದೋ?"

ತೇಲುತ್ತಿದ್ದ ಮೀನುಗಳನ್ನು ನೋಡಿ, ಇಷ್ಟು ದಿನ ಮಗಳಿಗೆ ವಿಷವನ್ನೇ ಕುಡಿಸಿದೆನೇನೋ ಎಂದುಕೊಂಡಳು ಮುತ್ತಮ್ಮ. ಹೊರಗೆ ಎದುರುಮನೆಯವರು ಸತ್ತವರ ಬಟ್ಟೆಗಳ ಗಂಟು ಹೊತ್ತು ಒಗೆಯಲು ಹೊಳೆಗೆ ಇಳಿಯುತ್ತಿದ್ದರು. ಮುತ್ತಮ್ಮನೇ ಹಂಡೆಗೆ ಚೆಂಬು ಅದ್ದಿ ಮಗಳ ಬಾಯಿಗೆ ಹಿಡಿದಳು.

ಗೌರಿ ಗಟಗಟನೆ ಕುಡಿದಳು.

"ತಣ್ಣಗೈತೆ ಕಣವ್ವ. ಇನ್ನೊಂದೀಟು ಕೊಡು."