ನೆತ್ತಿಯ ಗುರುತು

"ಆ ತಗ್ಗಿಗೆ ಹೋಪುಕೆ ದಾರಿಯೇ ಇಲ್ಲೆ ಅಂಬ್ರ್, ದೊಡ್ಡಪ್ಪಯ್ಯ," ಎಂದು ಶರಣ್ಯಾ ಅರಣ್ಯ ಇಲಾಖೆಯವರ ಹತ್ತಿರ ಮಾತು ಮುಗಿಸಿ ಫೋನನ್ನು ಜಗಲಿಯ ಮೇಲೆ ಮಗುಚಿಟ್ಟಳು. "ಕೊಡಚಾದ್ರಿ ನೆತ್ತಿಗೆ ಮಾತ್ರ ಬಿಡುದಂಬ್ರ್. ತೆಂಕ್ ಬದಿ ತಗ್ಗ್ ಪೂರಾ ಕಾಡ್. ಅಲ್ಲ್ ಗಾರ್ಡಿನವ್ರೂ ಹೋಪುದಿಲ್ಲೆ ಅಂದ್ರ್."

ಲೀಲಾಧರನಿಗೆ ಮೊದಲು ಆದದ್ದು ಸಮಾಧಾನ. ಎದೆಯ ಮೇಲಿದ್ದ ಒದ್ದೆ ಬಲೆಯ ರಾಶಿಯನ್ನು ಯಾರೋ ಎತ್ತಿ ಆಚೆ ಇಟ್ಟಂತೆ ಉಸಿರು ಸಲೀಸಾಯಿತು. ಅದರ ಬೆನ್ನಿಗೇ ನಾಚಿಕೆಯೂ ಬಂತು. ಅರವತ್ತನಾಲ್ಕು ವರ್ಷದ ಗಂಡಸು, ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ದೋಣಿಯವನು, ಯಾವುದೋ ಕಾಡಿನಲ್ಲಿ ದಾರಿ ಇಲ್ಲವೆಂದು ಒಳಗೊಳಗೇ ಖುಷಿಪಡುವುದೆಂದರೇನು?

ಜಗಲಿಯ ಮೆಟ್ಟಿಲ ಮೇಲೆ ಉಮಾವತಿ ಸೀರೆಯನ್ನು ಮೊಣಕಾಲವರೆಗೆ ಎತ್ತಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಅವಳು ಅವನ ತಮ್ಮ ಚಂದ್ರನ ಹೆಂಡತಿ, ಶರಣ್ಯಾಳ ತಾಯಿ. ಪಕ್ಕದ ಮನೆಯಲ್ಲೇ ಇರುವುದು. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಮೀನಿನ ಬುಟ್ಟಿಯೊಂದಿಗೆ ಬೈಂದೂರಿನ ಮಾರ್ಕೆಟ್ಟಿಗೆ ಹೋಗಿ, ಮಧ್ಯಾಹ್ನ ಬಿಸಿಲಲ್ಲಿ ಬಸ್ಸಿಳಿದು ಬರುವ ಹೊತ್ತಿಗೆ ಅವಳಿಗೆ ಮಾತೂ ಬೇಡವಾಗಿರುತ್ತಿತ್ತು. ಇವತ್ತು ಭಾನುವಾರ, ವ್ಯಾಪಾರ ಜೋರು. ಮೊಣಕಾಲು ಬದನೆಕಾಯಿಯಂತೆ ಊದಿತ್ತು.

"ದಾರಿ ಇಲ್ದಿರೆ ಬಿಡ್," ಎಂದಳು ಉಮಾವತಿ, ತಲೆ ಎತ್ತದೆ. "ಸುಮ್ನೆ ನೆತ್ತಿ ಹತ್ತಿ ನಂಗೆಂತ ಆಯ್ಕ್? ಅಲ್ಲಿಂದ ಅವ್ರ್ ಕಾಂತ್ರಾ?"

ಮೂರು ವಾರದಿಂದ ನಡೆದಿದ್ದ ತಯಾರಿ ಅದು. ಬರುವ ಜನವರಿಯಲ್ಲಿ ಶರಣ್ಯಾಳ ಮದುವೆ. ಗಂಡಿನ ಮನೆ ಮುಂಬಯಿ. ಬ್ರಹ್ಮಾವರದ ಶಾಲೆಯ ಟೀಚರ್ ಕೆಲಸ ಬಿಟ್ಟು ಅವಳು ಅಲ್ಲಿಗೆ ಹೋಗುವವಳು. ಅಷ್ಟರೊಳಗೆ ಮದುವೆಯ ಕರೆಯೋಲೆಯ ಮೊದಲ ಕಾಗದವನ್ನು ಚಂದ್ರನಿಗೆ ಕೊಡಬೇಕು, ಅವನಿರುವ ಜಾಗವನ್ನು ಕಣ್ಣಾರೆ ನೋಡಿ ಕೊಡಬೇಕು ಎಂದು ಉಮಾವತಿ ಹಟ ಹಿಡಿದಿದ್ದಳು. ಚಂದ್ರ ಇರುವುದು ಕಡಲಲ್ಲಿ. ಹನ್ನೊಂದು ವರ್ಷದ ಹಿಂದೆ ಒಬ್ಬನೇ ಸಣ್ಣ ದೋಣಿ ತೆಗೆದುಕೊಂಡು ಹೋದವನು ಮರಳಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಮೀನಿನ ದೋಣಿಗೆ ಹೆಂಗಸರು ಕಾಲಿಡುವುದು ಅವರ ಕೇರಿಯಲ್ಲಿ ಇಂದಿಗೂ ಇಲ್ಲ. ಹಾಗಾಗಿ ಗಂಡ ಮುಳುಗಿದ ಜಾಗವನ್ನು ಅವಳು ನೋಡಿಯೇ ಇರಲಿಲ್ಲ.

ಗುಡ್ಡ ಹತ್ತುವ ಯೋಚನೆ ಅವಳದೇ. ಜಿಪಿಎಸ್ ಬರುವ ಮೊದಲು ಕಡಲಿನ ಮೇಲೆ ಜಾಗ ಹಿಡಿಯುತ್ತಿದ್ದದ್ದು ಗುರುತಿನಿಂದ. ದಡದ ಒಂದು ಮರ, ಅದರ ಹಿಂದೆ ಘಟ್ಟದ ಒಂದು ತುದಿ. ಎರಡೂ ಒಂದೇ ಗೆರೆಗೆ ಬಂದಾಗ ದೋಣಿ ನಿಲ್ಲಿಸಿ ನೀರಿನ ಆಳ ನೋಡಿದರೆ ಅದೇ ಜಾಗ. ಹಾಗಿದ್ದ ಮೇಲೆ ಘಟ್ಟದಲ್ಲಿ ನಿಂತು ಆ ಮರದ ನೇರಕ್ಕೆ ನೋಡಿದರೆ ಕಡಲಿನ ಅದೇ ಜಾಗ ಕಾಣಬೇಕಲ್ಲ? ಓದು ಬರಹ ಇಲ್ಲದ ಹೆಂಗಸು ಮಾರ್ಕೆಟ್ಟಿನಲ್ಲಿ ನೊಣ ಓಡಿಸುತ್ತ ಕುಳಿತು ಇದನ್ನು ಲೆಕ್ಕ ಹಾಕಿದ್ದಳು. ಗುರುತು ಯಾವುದೆಂದೂ ಅವಳಿಗೆ ಗೊತ್ತಿತ್ತು. ಕೊಡಚಾದ್ರಿಯ ತೆಂಕಣ ತಗ್ಗು, ಕೇರಿಯ ಆಲದ ಮರದ ಮೇಲೆ. ಆ ದಿನ ದಡದಲ್ಲಿ ಲೀಲಾಧರನೇ ಹೇಳಿದ್ದ ಮಾತು.

ಆ ಮಾತು ಸುಳ್ಳು.

ನೀರಿನಡಿಯಲ್ಲಿ ಮೀನು ಸೇರುವ ಕಲ್ಲು ಇರುವ ಜಾಗವನ್ನು ದೋಣಿಯವನು ಯಾರಿಗೂ ಹೇಳುವುದಿಲ್ಲ. ಕೇಳಿದರೆ ಹೇಳಲಿಕ್ಕೆಂದೇ ಒಂದು ಸುಳ್ಳು ಗುರುತು ಇಟ್ಟುಕೊಂಡಿರುತ್ತಾನೆ. ಕೇಳುವವನಿಗೂ ಅದು ಗೊತ್ತು, ನಗುತ್ತಾನೆ. ಲೀಲಾಧರನ ಅಪ್ಪನ ಕಾಲದಿಂದ ಆ ಮನೆಯ ನಿಜ ಗುರುತು ಜೋಡಿ ತಾಳೆಮರದ ನಡುವೆ ಕೊಡಚಾದ್ರಿಯ ನೆತ್ತಿ. ಸುಳ್ಳು ಗುರುತು ತಗ್ಗು ಮತ್ತು ಆಲದ ಮರ. ಆ ದಿನ ಅವನು ಜ್ವರ ಬಂದು ಮಲಗಿದ್ದ. ಗಾಳಿ ಎದ್ದಿತು, ಚಂದ್ರ ಬರಲಿಲ್ಲ. ಹುಡುಕಲು ಹೊರಟ ನಾಲ್ಕು ದೋಣಿಯವರು ಮನೆಗೆ ಬಂದು, ಎಬ್ಬಿಸಿ ದಡಕ್ಕೆ ಕರೆದುಕೊಂಡು ಹೋಗಿ, "ಎಲ್ಲಿಗೆ ಹೋಯಿಪ್ಪುದ್, ಬೇಗ ಹೇಳ್" ಎಂದರು. ಇಪ್ಪತ್ತು ವರ್ಷ ಹೇಳಿ ಹೇಳಿ ನಾಲಗೆ ಪಳಗಿದ್ದ ಮಾತೇ ಹೊರಬಂತು. ತಪ್ಪು ಹೊಳೆಯುವಷ್ಟರಲ್ಲಿ ದೋಣಿಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದವು. ಮಧ್ಯಾಹ್ನ ಇನ್ನೊಂದು ದೋಣಿ ಹಿಡಿದು ಅವನೇ ನಿಜ ಜಾಗಕ್ಕೆ ಹೋದಾಗ ಅಲ್ಲಿ ತೇಲುತ್ತಿದ್ದದ್ದು ಸೀಮೆಎಣ್ಣೆಯ ಖಾಲಿ ಕ್ಯಾನು ಮಾತ್ರ. ನೀರು ಬಡಗು ದಿಕ್ಕಿಗೆ ಎಳೆದಿದೆ ಎಂದು ಎಲ್ಲರಿಗೂ ಹೇಳಿದ. ಎಲ್ಲರೂ ನಂಬಿದರು.

"ಹಾಂಗಾರೆ ಜೀಪಿನವ್ರಿಗೆ ಬೇಡ ಅಂತ ಹೇಳ್ತೆ," ಎಂದಳು ಶರಣ್ಯಾ. ಅವಳ ಮಡಿಲಲ್ಲಿ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು ಇತ್ತು, ಪಕ್ಕದಲ್ಲಿ ನಾಳೆಯ ಪಯಣದ ಪಟ್ಟಿ. ಸೋಮವಾರ ಬೆಳಿಗ್ಗೆ ಐದಕ್ಕೆ ಜೀಪು, ಕೊಲ್ಲೂರು ದಾಟಿ ಆರೂವರೆಗೆ ಗೇಟು, ಅಲ್ಲಿಂದ ಕಾಡೊಳಗೆ ನಡೆದು ಹನ್ನೊಂದಕ್ಕೆ ನೆತ್ತಿ. ಅವಲಕ್ಕಿ, ಬಾಳೆಹಣ್ಣು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಕ್ಕೆ ಉಪ್ಪು, ಅಮ್ಮನ ಮೊಣಕಾಲಿಗೆ ಪಟ್ಟಿ. ಹೋಗುವುದಾದರೆ ನಾಳೆಯೇ ಹೋಗಬೇಕು. ಸೋಮವಾರ ಮೀನು ತಿನ್ನದವರೇ ಹೆಚ್ಚು, ಉಮಾವತಿಗೆ ವ್ಯಾಪಾರ ಕಡಿಮೆ. ಶರಣ್ಯಾ ಶಾಲೆಯಲ್ಲಿ ಕಾಡಿಬೇಡಿ ಒಂದು ರಜೆ ಪಡೆದಿದ್ದಳು. ಇನ್ನು ಹದಿನೈದು ದಿನ ಕಳೆದರೆ ಘಟ್ಟಕ್ಕೆ ಮಬ್ಬು ಮುಸುಕಿ ಮೇಲಿಂದ ಕಡಲು ಕಾಣುವುದಿಲ್ಲ.

"ಎಷ್ಟ್ ಹಳೇ ಕಾಡ್ ಅಂಬ್ರ್ ಅಮ್ಮ," ಎಂದಳು ಮತ್ತೆ, ತಾಯಿಯನ್ನು ಸಮಾಧಾನ ಮಾಡುವವಳಂತೆ. "ನೂರಾರ್ ವರ್ಷದಿಂದ ಕೊಡ್ಲಿ ತಾಗ್ದ ಮರ ಇತ್ತಂಬ್ರ್. ಅದನ್ನಾರೂ ಕಂಡ್ಕಂಡ್ ಬಪ್ಪ."

"ಕೊಡ್ಲಿ ತಾಗ್ದಿರೆ ನಿನ್ನಜ್ಜಯ್ಯನ ದೋಣಿ ಎಲ್ಲಿಂದ ಬಂತ್?" ಎಂದ ಲೀಲಾಧರ. ಮಾತು ಬೇರೆಲ್ಲಾದರೂ ಹೋಗಲಿ ಎಂದೇ ಹೇಳಿದ್ದು. "ಆ ಘಟ್ಟದ್ ಹೆಬ್ಬಲಸಿನ ಹಲ್ಗಿ ಅದ್. ನಲ್ವತ್ತ್ ವರ್ಷ ನೀರಲ್ಲಿದ್ದ್ರೂ ಎಂತ ಆಯ್ಲಿಲ್ಲ."

ಉಮಾವತಿ ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿದಳು. ಸೀರೆ ಕೆಳಗಿಳಿಸಿಕೊಂಡು, ಅಂಗಳದ ಆಚೆ, ತೆಂಗಿನ ಗರಿಗಳ ನಡುವೆ ನೀಲಿಯಾಗಿ ಕಾಣುತ್ತಿದ್ದ ಘಟ್ಟದ ಕಡೆ ನೋಡಿದಳು.

"ನಂಗ್ ಕಾಡ್ ಬೇಡ, ನೆತ್ತಿಯೂ ಬೇಡ," ಎಂದಳು. "ಬೆಳಿಗ್ಗೆ ಬಸ್ಸಿಗ್ ಹೋಪತಿಗೆ ದಿನಾ ಆ ತಗ್ಗಿಗೆ ಕೈ ಮುಗಿತೆ. ಇನ್ನ್ ಮುಂದೂ ಇಲ್ಲಿಂದ್ಲೇ ಮುಗಿತೆ. ಕಾಗದವೂ ಇಲ್ಲೇ ನೀರಿಗ್ ಬಿಟ್ರಾಯ್ತ್. ಹೋಯ್ಲಿ, ಸಾಕ್."

ದಿನಾ ಕೈ ಮುಗಿಯುವುದು ಲೀಲಾಧರನಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷ, ಬುಟ್ಟಿ ಇಳಿಸಿ, ಕತ್ತಲು ಹರಿಯದ ಹೊತ್ತಿನಲ್ಲಿ, ಚಂದ್ರ ಇಲ್ಲದ ಕಡೆಗೆ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಮುಗಿದ ಹಾಗೆ. ಜೀಪು ಬೇಡವಾಗುತ್ತದೆ, ಮದುವೆ ಆಗುತ್ತದೆ, ಹುಡುಗಿ ಮುಂಬಯಿಗೆ ಹೋಗುತ್ತಾಳೆ, ಇವಳು ತಗ್ಗಿಗೆ ಕೈ ಮುಗಿಯುತ್ತಲೇ ಮುದುಕಿಯಾಗುತ್ತಾಳೆ. ಅವನಿಗೆ ಸುಸ್ತಾಗಿತ್ತು. ಹೃದಯಕ್ಕೆ ಸ್ಟೆಂಟ್ ಹಾಕಿದ ಮೇಲೆ ಬಂದ ಸುಸ್ತಲ್ಲ, ಅದಕ್ಕಿಂತ ಹಳೆಯದು.

"ಜೀಪಿನವ್ರಿಗೆ ಬೇಡ ಅನ್ಬೇಡ," ಎಂದ ಶರಣ್ಯಾಳಿಗೆ. "ತಗ್ಗಲ್ಲ ಅದ್. ನೆತ್ತಿಯೇ. ಜೋಡಿ ತಾಳೆಮರದ್ ನಡು ನೆತ್ತಿ. ಅದೇ ಗುರ್ತ."

ಉಮಾವತಿ ತಿರುಗಿದಳು. "ಆವತ್ತ್ ತಗ್ಗ್ ಅಂದಿರಿ ಭಾವ."

"ಸುಳ್ಳ್ ಹೇಳ್ದೆ."

"ಯಾರಿಗೆ?"

"ಎಲ್ಲರಿಗೂ. ಬೇಕಂತ ಹೇಳಿದ್ದಲ್ಲ ಉಮಾ. ಬಾಯಿಗ್ ಅದೇ ಬಂತ್. ದಿನಾ ಹೇಳ್ತಿದ್ದದ್ದ್ ಅದೇ ಅಲ್ದಾ."

ಅಡುಗೆಮನೆಯಲ್ಲಿ ನೀರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಅವನ ಹೆಂಡತಿ ಜಲಜ ತನ್ನ ತಮ್ಮನ ಮನೆಗೆಂದು ಗಂಗೊಳ್ಳಿಗೆ ಹೋಗಿದ್ದಳು. ಇದ್ದಿದ್ದರೆ ಏನಾದರೂ ಮಾತಾಡಿ ಆ ಹೊತ್ತನ್ನು ದಾಟಿಸುತ್ತಿದ್ದಳೇನೋ. ಈಗ ಅವನೇ ದಾಟಬೇಕಿತ್ತು.

"ನಾಲ್ಕ್ ದೋಣಿಯವ್ರ್ ಎದ್ರಿಗ್ ನಿಂತಿದ್ರ್," ಎಂದಳು ಉಮಾವತಿ, ಒಂದೊಂದೇ ಶಬ್ದವನ್ನು ಕೈಯಲ್ಲಿ ತೂಗುವವಳಂತೆ. "ಮೀನಿನ್ ಜಾಗ ಅವ್ರಿಗ್ ಗೊತ್ತಾತ್ ಅಂದೇಳಿ ಸುಳ್ಳ್ ಹೇಳಿದ್ದಾ?"

"ಗೊತ್ತಿಲ್ಲೆ." ಲೀಲಾಧರನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. "ದೇವರಾಣೆ ಗೊತ್ತಿಲ್ಲೆ. ಹನ್ನೊಂದ್ ವರ್ಷದಿಂದ ನಾನೂ ಅದನ್ನೇ ಕೇಳ್ಕಂಬುದ್."

"ಸೀದಾ ಅಲ್ಲಿಗೇ ಹೋಯಿದ್ರೆ ಅಪ್ಪಯ್ಯ ಸಿಕ್ತಿದ್ರಾ?" ಎಂದು ಕೇಳಿದ್ದು ಶರಣ್ಯಾ. ಆಗ ಅವಳು ಹದಿಮೂರರ ಹುಡುಗಿ. ಈಗಲೂ ಆ ಪ್ರಶ್ನೆ ಹದಿಮೂರರ ದನಿಯಲ್ಲೇ ಬಂತು.



ಉಮಾವತಿ ಬೈಯಲಿಲ್ಲ. ಅವಳು ಎದೆ ಬಡಿದುಕೊಂಡು ಅತ್ತಿದ್ದರೆ, ಎಣ್ಣೆಯ ಬಟ್ಟಲು ಎತ್ತಿ ಎಸೆದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕಂಬ ಹಿಡಿದು ಎದ್ದು, ಕುಂಟುತ್ತ ಅಂಗಳ ದಾಟಿ ತನ್ನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶರಣ್ಯಾ ಕೆಂಪು ಪೆನ್ನು ತೆಗೆದು ಒಂದು ಉತ್ತರ ಪತ್ರಿಕೆ ತಿದ್ದತೊಡಗಿದಳು. ಸರಿ ಉತ್ತರಕ್ಕೂ ತಪ್ಪು ಹಾಕಿ, ಅದನ್ನು ಮತ್ತೆ ಹೊಡೆದುಹಾಕಿ, ಕೊನೆಗೆ ಎಲ್ಲವನ್ನೂ ಕಟ್ಟಿಕೊಂಡು ತಾಯಿಯ ಹಿಂದೆಯೇ ಹೋದಳು. ಪಯಣದ ಪಟ್ಟಿ ಜಗಲಿಯಲ್ಲೇ ಉಳಿಯಿತು.

ಬಿಸಿಲು ಅಂಗಳ ಬಿಟ್ಟು ಬೇಲಿಯ ಮೇಲೆ ಹೋಗುವವರೆಗೂ ಲೀಲಾಧರ ಕದಲಲಿಲ್ಲ. ಬಾಗಿಲು ತೆರೆದ ಸದ್ದಾಯಿತು. ಉಮಾವತಿ ಬಂದು ಮೆಟ್ಟಿಲ ಕೆಳಗೇ ನಿಂತಳು. ಮುಖ ತೊಳೆದಿದ್ದಳು. ಕಣ್ಣು ಊದಿತ್ತು.

"ಜೋಡಿ ತಾಳೆಮರ ಕೊರೆತಕ್ಕೆ ಕಡ್ಲಿಗ್ ಹೋಯಿ ಆರ್ ವರ್ಷ ಆತಲೆ," ಎಂದಳು. "ಮೇಲಿಂದ ಕಂಡ್ರೆ ನಮ್ಗ್ ಗುರ್ತ ಹ್ಯಾಂಗ್ ಸಿಕ್ಕುದ್?"

ಮೇಲೆ ಹೋಗುವುದು ನಿಂತಿಲ್ಲ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಬುಡ ಇತ್ತ್ ಅಲ್ಲ್. ಒಂದ್ ಬುಡ ಈಗ್ಳೂ ಹೊಯ್ಗಿಯಲ್ ಕಾಂತ್. ನಾ ಅಲ್ಲ್ ನಿಂತ್ಕಂತೆ."

"ನಿಂತ್ರೆ ಅಷ್ಟ್ ಮೇಲಿಂದ ಮನ್ಷ ಕಾಂತ್ನಾ?" ಅವಳು ಸೆರಗಿನ ಒಳಗಿಂದ ಒಂದು ಕನ್ನಡಿ ತೆಗೆದು ಜಗಲಿಯ ಮೇಲಿಟ್ಟಳು. ಅಂಗೈ ಅಗಲದ್ದು, ತಗಡಿನ ಚೌಕಟ್ಟು, ಒಂದು ಮೂಲೆಯ ಪಾದರಸ ಎದ್ದಿತ್ತು. ಚಂದ್ರ ಗಡ್ಡ ಹೆರೆಯುವಾಗ ಮಾವಿನ ಮರದ ಮೊಳೆಗೆ ಸಿಕ್ಕಿಸುತ್ತಿದ್ದ ಕನ್ನಡಿ. "ಹನ್ನೊಂದ್ ಗಂಟಿಗ್ ಹಿಡಿನಿ. ಬಿಸ್ಲ್ ನೆತ್ತಿಗ್ ಬೀಳ್ಕ್."

ಹೋಗುವಾಗ ಪಟ್ಟಿಯನ್ನು ಎತ್ತಿಕೊಂಡು ಹೋದಳು.

ಮರುದಿನ ಹತ್ತೂವರೆಗೇ ಲೀಲಾಧರ ತಾಳೆಮರದ ಬುಡದ ಹತ್ತಿರ ಬಂದು ನಿಂತಿದ್ದ. ಆಕಾಶ ತೊಳೆದಿಟ್ಟಂತಿತ್ತು. ಘಟ್ಟದ ಮಡಿಕೆಗಳು, ಅವುಗಳಲ್ಲಿ ಕಪ್ಪಾಗಿ ತುಂಬಿದ್ದ ಕಾಡು, ಅದರ ಮೇಲೆ ಬೋಳು ನೆತ್ತಿ, ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಆ ಕಪ್ಪಿನ ಒಳಗೆಲ್ಲೋ ಒಬ್ಬಳು ಊದಿದ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಏರುತ್ತಿದ್ದಾಳೆ. ಬೇರು ಹಿಡಿದು, ಮಗಳ ಭುಜ ಹಿಡಿದು, ಬಾಯಿ ಬಿಡದೆ. ಅವಳು ಬಾಯಿ ಬಿಡುವವಳಲ್ಲ ಎಂದು ಅವನಿಗೆ ಗೊತ್ತು.

ಹನ್ನೊಂದಕ್ಕೆ ಕನ್ನಡಿ ಎತ್ತಿದ. ಬೆಳಕಿನ ತುಂಡನ್ನು ಮೊದಲು ಮರಳಿನ ಮೇಲೆ ಹಿಡಿದು, ಅಲ್ಲಿಂದ ತೆಂಗಿನ ಬುಡಕ್ಕೆ, ಗರಿಗೆ, ಗರಿಯಿಂದ ಮೇಲೆ ಬಿಟ್ಟ. ಎರಡೂ ಕೈಯಲ್ಲಿ ಹಿಡಿದು ನೆತ್ತಿಯ ಕಡೆಗೆ ತಿರುಗಿಸಿದ. ಹತ್ತು ನಿಮಿಷ, ಹದಿನೈದು. ಒಣಮೀನು ಹರವುತ್ತಿದ್ದ ಹರಿಣಾಕ್ಷಿ ದೂರದಿಂದ, "ಹ್ವಾಯ್, ಎಂತ ಮಾಡುದ್ ಲೀಲಾಧರಣ್ಣ?" ಎಂದು ಕೂಗಿದಳು. ಅವನು ತಿರುಗಲಿಲ್ಲ. ಜೇಬಿನಲ್ಲಿ ಫೋನು ರಿಂಗಾಯಿತು. ಒಂದು ಕೈಯಲ್ಲಿ ಕನ್ನಡಿ ಹಿಡಿದೇ ಇನ್ನೊಂದರಲ್ಲಿ ಎತ್ತಿಕೊಂಡ.

"ಕಂಡಿತ್ ದೊಡ್ಡಪ್ಪಯ್ಯ!" ಶರಣ್ಯಾಳ ದನಿ ಗಾಳಿಯಲ್ಲಿ ಹರಿದು ಹರಿದು ಬರುತ್ತಿತ್ತು. "ಮಿಣ್ಕ್ತಾ ಇತ್ತ್. ಅದ್ರ್ ನೇರಕ್ಕ್ ಕಡ್ಲೂ ಕಾಂತಿತ್ತ್. ಅಮ್ಮ ಕಾಗದ ಓದುಕೆ ಹೇಳಿರ್, ಓದ್ದೆ."

"ಅಮ್ಮ ಎಂತ ಮಾಡ್ತಿತ್ತ್?"

"ಕೂತಿದ್ರ್. ಕಾಂತಾ ಇದ್ರ್. ದೊಡ್ಡಪ್ಪಯ್ಯ, ಕನ್ನಡಿ ಇಳಿಸ್ಬೇಡಿ ಅಂದ್ರ್. ಅವ್ರ್ ಹೇಳುವರೆಗೂ ಇಳಿಸ್ಬೇಡಿ ಅಂಬ್ರ್."

ಫೋನು ಕಡಿದುಹೋಯಿತು. ಲೀಲಾಧರ ಅದನ್ನು ಜೇಬಿಗೆ ಹಾಕಿ ಮತ್ತೆ ಎರಡೂ ಕೈಯಲ್ಲಿ ಕನ್ನಡಿ ಹಿಡಿದ. ಹೊತ್ತು ಏರುತ್ತಿತ್ತು. ಸೂರ್ಯ ಸರಿದ ಹಾಗೆ ಕನ್ನಡಿಯನ್ನೂ ಕೂದಲೆಳೆಯಷ್ಟು ಓರೆ ಮಾಡಬೇಕು. ಭುಜ ಉರಿಯತೊಡಗಿತು, ಆಮೇಲೆ ಮರಗಟ್ಟಿತು. ಬೆನ್ನ ಹಿಂದೆ ನೀರು ಏರುತ್ತಿರುವುದು ಸದ್ದಿನಿಂದಲೇ ತಿಳಿಯುತ್ತಿತ್ತು. ಒಂದು ಅಲೆ ಬಂದು ಹಿಮ್ಮಡಿ ತೋಯಿಸಿ, ಕಾಲಡಿಯ ಮರಳನ್ನು ಸ್ವಲ್ಪ ಎಳೆದುಕೊಂಡು ಹೋಯಿತು. ಅವನು ಕಾಲು ಸರಿಸಿ ಗಟ್ಟಿಯಾಗಿ ಊರಿಕೊಂಡ. ಕೈ ಇಳಿಸಲಿಲ್ಲ.