ಉಪ್ಪು ಬಿಟ್ಟ ಪರ್ವ

ಜುಗೂಳದ ಬಸದಿಯಲ್ಲಿ ಸೋನಾಬಾಯಿಯ ಮಗ ಮಹಾವೀರ ಆರತಿ ಹಾಡಿದರೆ ಹೊಳೆಯಾಚೆಯ ಜನಕ್ಕೂ ಕೇಳಿಸುತ್ತದೆ ಎಂದು ಊರವರು ಹೆಮ್ಮೆ ಪಡುತ್ತಿದ್ದರು. ಸುಗಂಧಾ ಅವನ ಕೈಹಿಡಿದು ಬಂದ ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ, ಅವನ ಮಾತಿಗೂ ಹಾಡಿಗೂ ಕೊನೆಯೇ ಇಲ್ಲದಂತಾಯಿತು. ನಿದ್ದೆ ಹಾರಿಹೋಯಿತು. ದಾರಿಯಲ್ಲಿ ಸಿಕ್ಕ ಗುರುತಿಲ್ಲದವನ ಕೈಗೆ ಎತ್ತಿನ ಹಗ್ಗ ಕೊಟ್ಟು, ಕೈಮುಗಿದು ಮನೆಗೆ ಬಂದ. ಬುದ್ಧಿ ಹೇಳಲು ಬಂದ ಸೋದರಮಾವನ ಮೇಲೆ ಕೈಯೆತ್ತಿದ. ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೇ ಒಲ್ಲ. ಸುಗಂಧಾ ತುತ್ತು ಮಾಡಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ.

ಅತ್ತೆ ಸೋನಾಬಾಯಿ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಯಾವುದೂ ನಾಟದಾದಾಗ ಸುಗಂಧಾ ಗಟ್ಟಿ ಮನಸ್ಸು ಮಾಡಿ ಗಂಡನನ್ನು ಅಥಣಿಗೆ ಕರೆದೊಯ್ದಳು. ಅಲ್ಲಿಗೆ ತಿಂಗಳಿಗೊಮ್ಮೆ ಮನೋರೋಗದ ಡಾಕ್ಟರೊಬ್ಬರು ಬರುತ್ತಿದ್ದರು. ಪ್ರತಿ ಸಲವೂ ಅವರು ಮಹಾವೀರನೊಬ್ಬನನ್ನೇ ಒಳಗೆ ಕರೆಯುತ್ತಿದ್ದರು. ಸುಗಂಧಾ ಪಡಸಾಲೆಯ ಬಾಕಿನ ಮೇಲೆ ಕೂತು ಮುಚ್ಚಿದ ಬಾಗಿಲು ನೋಡುತ್ತಿದ್ದಳು. ಹೊರಡುವಾಗ ಡಾಕ್ಟರು ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು: ಗುಳಿಗೆ ಒಂದು ಹೊತ್ತೂ ತಪ್ಪಬಾರದು. ಆ ಮಾತನ್ನು ಅವಳು ವ್ರತದಂತೆ ನಡೆಸಿದಳು. ಮಹಾವೀರ ಮೆಲ್ಲಗೆ ಮನುಷ್ಯನಾದ. ಕಬ್ಬಿಗೆ ನೀರು ಹಾಯಿಸಿದ, ಮಾವನ ಕಾಲಿಗೆ ಬಿದ್ದ, ಬಸದಿಯಲ್ಲಿ ಮತ್ತೆ ಹಾಡಿದ.

ಎಂಬತ್ತೆಂಟರ ಭಾದ್ರಪದದಲ್ಲಿ ಜೈನರ ಹತ್ತು ದಿನದ ದಶಲಕ್ಷಣ ಪರ್ವ ಬಂತು. ಮಗ ಗುಣವಾದರೆ ಪರ್ವ ಮುಗಿಯುವತನಕ ಒಪ್ಪತ್ತು ಮಾಡಿಸುತ್ತೇನೆ, ಉಪ್ಪು ಬಿಡಿಸುತ್ತೇನೆ ಎಂದು ಸೋನಾಬಾಯಿ ಹರಕೆ ಹೊತ್ತಿದ್ದಳು. ಮಹಾವೀರನೂ ಸಂತೋಷದಿಂದ ಒಪ್ಪಿದ. ದಿನಕ್ಕೆ ಒಂದೇ ಊಟ, ಸಪ್ಪೆ ಅನ್ನ, ನೀರೂ ಆ ಒಂದೇ ಹೊತ್ತಿಗೆ. ಸುಗಂಧಾ ದಿನದ ಗುಳಿಗೆಗಳನ್ನೆಲ್ಲ ಆ ಊಟದ ಜೊತೆಗೇ ಅವನ ಅಂಗೈಗೆ ಹಾಕಿದಳು.

ನಾಲ್ಕೈದು ದಿನಕ್ಕೆ ಅವನ ಕೈ ನಡುಗತೊಡಗಿತು. ಆಮೇಲೆ ವಾಂತಿ, ಭೇದಿ. ಬಸದಿಗೆ ಹೋಗುವಾಗ ಹೆಜ್ಜೆ ಓಲಾಡಿದವು, ನಾಲಿಗೆ ತೊದಲಿತು. ಪರ್ವದ ದಿನದಲ್ಲೇ ಕುಡಿದು ಬಂದಿದ್ದಾನೆಂದು ಯಾರೋ ಗೊಣಗಿದರು. ಸುಗಂಧಾ ಹಳೆಯ ಬೇನೆ ತಿರುಗಿ ಬಂತೆಂದು ತಿಳಿದಳು. ವಾಂತಿಯಲ್ಲಿ ಗುಳಿಗೆ ಹೊರಬಿದ್ದಿರಬಹುದೆಂದು ಮತ್ತೊಂದು ನುಂಗಿಸಿದಳು. ಅವನು ಹಸುಗೂಸಿನಂತೆ ಬಾಯಿ ತೆರೆದ.

ಪರ್ವದ ಕೊನೆಯ ದಿನ, ಅನಂತ ಚತುರ್ದಶಿಯ ಬೆಳಗ್ಗೆ, ಅವನಿಗೆ ಹೆಂಡತಿಯ ಗುರುತು ಸಿಗಲಿಲ್ಲ. ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಹಾಸಿಗೆ ಹಾಸಿ, ಅವನನ್ನು ದೊಡ್ಡ ದವಾಖಾನೆಗೆ ಒಯ್ದರು. ಜೀವ ಉಳಿಯಿತು. ಆದರೆ ಮನೆಗೆ ಬಂದವನಿಗೆ ಆಸರೆಯಿಲ್ಲದೆ ನಿಲ್ಲಲಾಗುತ್ತಿರಲಿಲ್ಲ. ಮಾತು ಬಾಯಲ್ಲೇ ಮುದ್ದೆಯಾಗುತ್ತಿತ್ತು. ಹಾಡಂತೂ ಹೋಯಿತು. ಒಂದು ಸಂಜೆ ಬಸದಿಯ ಗಂಟೆ ಕೇಳಿ ಅವನು ಬಾಯಿ ತೆರೆದ. ಹೊರಟ ದನಿಗೆ ತಾನೇ ಬೆಚ್ಚಿ ಸುಮ್ಮನಾದ. ಸೋನಾಬಾಯಿ ಎದ್ದು ಹಿತ್ತಲಿಗೆ ಹೋದಳು.

ಮುಂದಿನ ಸಲ ಅಥಣಿಗೆ ಹೋದಾಗ ಸುಗಂಧಾ ಬಾಕಿನ ಮೇಲೆ ಕೂಡಲಿಲ್ಲ. ಗಂಡನ ರಟ್ಟೆ ಹಿಡಿದು ತಾನೂ ಒಳಗೆ ಹೋದಳು. ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಆ ಔಷಧವೂ ಒಂದು ಬಗೆಯ ಉಪ್ಪೇ. ಊಟದ ಉಪ್ಪು, ನೀರು ಕಡಿಮೆಯಾದರೆ ದೇಹ ಅದನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಏರಿ ಏರಿ ಅದೇ ವಿಷವಾಗುತ್ತದೆ. ಕೈ ನಡುಗಿ ವಾಂತಿಯಾದಾಗಲೇ ಗುಳಿಗೆ ನಿಲ್ಲಿಸಿ ಓಡಿಬರಬೇಕಿತ್ತು.

"ಇದನ್ನ ಮೊದಲs ಯಾಕ ಹೇಳಲಿಲ್ರಿ?" ಎಂದಳು.

"ಅವ್ರಿಗೆ ಹೇಳಿದ್ನೆವ್ವಾ."

"ಅನ್ನಾ ಬಡಿಸಾಕಿ ನಾ. ಗುಳಿಗಿ ಕೊಡಾಕಿ ನಾ. ಬಾಗಿಲದಾಗs ಕುಂತಿದ್ನೆಲ್ರಿ ನಾ."

ಡಾಕ್ಟರು ತಪ್ಪಾಯಿತು ಎಂದರು. ಆ ಮಾತಿನಿಂದ ಅವಳಿಗೆ ಸಿಟ್ಟೂ ಇಳಿಯಲಿಲ್ಲ, ಸಮಾಧಾನವೂ ಆಗಲಿಲ್ಲ.

ಅಂದಿನಿಂದ ಅವರು ಮನೆಯವರನ್ನೂ ಒಳಗೆ ಕರೆಯತೊಡಗಿದರು. ಕೆಲವು ತಿಂಗಳ ಮೇಲೆ, ಎಲ್ಲ ರೋಗಿಗಳ ಮನೆಯವರನ್ನು ಒಂದೆಡೆ ಕೂಡಿಸಿ, ಸುಗಂಧಾ ಒಂದೆರಡು ಮಾತಾಡಿದರೆ ಉಪಕಾರವಾದೀತೆಂದು ಕೇಳಿಕೊಂಡರು. ಅವಳಿಗೆ ಎದ್ದು ನಿಂತು ಮಾತಾಡಲಾಗಲಿಲ್ಲ. ಕೂತಲ್ಲೇ, ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದಳು. ವಾಂತಿಯಾದ ಮೇಲೆ ಮತ್ತೊಂದು ಗುಳಿಗೆ ನುಂಗಿಸಿದ್ದನ್ನೂ ಮುಚ್ಚಿಡಲಿಲ್ಲ.

ಮುಗಿದ ಮೇಲೆ ಮೆಹರುಬಿ ಎಂಬ ಹೆಂಗಸು ಹತ್ತಿರ ಬಂದು ಕೂತಳು. ಅವಳ ಮಗನೂ ಅದೇ ಗುಳಿಗೆ ನುಂಗುತ್ತಿದ್ದ. ರಂಜಾನ್ ಹತ್ತಿರ ಬಂದಿತ್ತು, ಬಿಸಿಲು ಆಗಲೇ ಸುಡುತ್ತಿತ್ತು. ಈ ಸಲ ಹಗಲೆಲ್ಲ ನೀರೂ ಮುಟ್ಟದೆ ಎಲ್ಲ ರೋಜಾ ಹಿಡಿಯುತ್ತೇನೆಂದು ಮಗ ಹಟ ಮಾಡುತ್ತಿದ್ದನಂತೆ. ಸುಗಂಧಾ ಅವಳ ಮೊಣಕೈ ಹಿಡಿದುಕೊಂಡಳು.

"ಹಿಡೀಗೊಡಬ್ಯಾಡವ್ವಾ. ಡಾಕ್ಟ್ರನ್ನ ಈಗs ಒಳಗ ಹೋಗಿ ಕೇಳು. ಅವನ್ನೊಬ್ಬನ್ನs ಕಳಸಬ್ಯಾಡ, ನೀನೂ ಹೋಗು."

ಮೆಹರುಬಿ ತಲೆಯಾಡಿಸಿದಳು. ಏಳುತ್ತ, "ನಿನಗ ಯಾರ ಹೇಳಿದ್ರವ್ವಾ ಇದೆಲ್ಲಾ?" ಎಂದು ಕೇಳಿದಳು.

"ಯಾರೂ ಹೇಳಲಿಲ್ಲ," ಎಂದಳು ಸುಗಂಧಾ.

ಕಾಗವಾಡದ ಬಸ್ಸಿನ ಹೊತ್ತಾಗಿತ್ತು. ಹೊರಗೆ ಬಾಕಿನ ಮೇಲೆ ಮಹಾವೀರ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದ. ಅವಳು ಅವನ ಕಂಕುಳಲ್ಲಿ ಕೈಹಾಕಿ ಎಬ್ಬಿಸಿದಳು. ಬಸ್ಸಿನ ಮೆಟ್ಟಿಲು ಹತ್ತಿಸಲು ಕಂಡಕ್ಟರನೂ ಕೈಜೋಡಿಸಬೇಕಾಯಿತು.