ಬೈಯಬೇಡಿ ಎಂದು ನಾವೇ ಹೇಳಿದ್ದೆವು

ದಿಗ್ಗೇವಾಡಿಗೆ ನಾನು ಸಂಸ್ಥೆಯ ಜೀಪಿನಲ್ಲಿ ಹೋಗಲಿಲ್ಲ, ಬಸ್ಸಿನಲ್ಲೇ ಹೋದೆ. ಬೋರ್ಡು ಬರೆದ ಗಾಡಿ ಮನೆ ಮುಂದೆ ನಿಂತರೆ ಊರು ಹತ್ತು ಪ್ರಶ್ನೆ ಕೇಳುತ್ತದೆ. ಊರಿನವರ ಪಾಲಿಗೆ ನಾನು ನಿಪ್ಪಾಣಿಯ ಹೊಲಿಗೆ ಅಕ್ಕೋರು, ಸೋನಾಲಿ ನನ್ನಲ್ಲಿ ಕಲಿಯುವ ಹುಡುಗಿ.

ಅದರಲ್ಲಿ ಅರ್ಧ ನಿಜವೂ ಹೌದು. ಕೆಲಸ ಕೊಡಿಸುತ್ತೇನೆಂದು ಪುಣೆಗೆ ಕರೆದೊಯ್ದವನು ಅವಳನ್ನು ಮಾರಿಬಿಟ್ಟಿದ್ದ. ಅವನ ಮೇಲಿನ ಕೇಸು ಪುಣೆಯ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿತ್ತು. ಪೊಲೀಸರು ಬಿಡಿಸಿ ತಂದ ಮೇಲೆ ಹದಿನಾಲ್ಕು ತಿಂಗಳು ನಮ್ಮ ಆಶ್ರಯಮನೆಯಲ್ಲಿದ್ದಳು. ಅಲ್ಲಿ ಹೊಲಿಗೆ ಕಲಿತಳು, ಹೆದರದೆ ನಿದ್ದೆ ಮಾಡುವುದನ್ನೂ ಕಲಿತಳು. ಈಗ ಮೂರು ದಿನ ತಾಯಿಯ ಮನೆಯಲ್ಲಿದ್ದು ನೋಡಿ, ಇರುತ್ತಾಳೋ ವಾಪಸು ಬರುತ್ತಾಳೋ ಅವಳೇ ಹೇಳಬೇಕಿತ್ತು. ಅದನ್ನು ಕೇಳಲು ನಾನು ಹೋಗಿದ್ದೆ.

ಅವಳು ಬ್ಯಾಗು ತುಂಬಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

“ನಾ ಬರ್ತೇನ್ರಿ ಅಕ್ಕೋರ.”

“ಯಾಕ? ಯಾರರ ಏನರ ಅಂದ್ರೇನು?”

“ಯಾರೂ ಏನೂ ಅನ್ನಂಗಿಲ್ರಿ, ಅದ ನೋಡ್ರಿ! ನಮ್ಮವ್ವ ನನಗ ಕಪ್ಪು ಬಶಿನ್ಯಾಗ ಚಾ ಕೊಡ್ತಾಳ. ಕಸಬರಗಿ ಹಿಡದ್ರ ಕಸಗೊಂತಾಳ. ‘ಬ್ಯಾಡವಾ, ಕುಂದ್ರವಾ’ ಅಂತಾಳ. ಬೀಗರ ಬಂದಂಗ ಆಗೇತ್ರಿ. ನಾ ಈ ಮನ್ಯಾಕಿ ಅಲ್ಲ ಇನ್ನ.”

ಅವಳ ಅಪ್ಪ ಭೀಮಸಿ ಆಡುಗಳನ್ನು ಕಟ್ಟುತ್ತಿದ್ದರು. “ಮೂರ ದಿನದಿಂದ ಈಕಿ ಅವ್ವನ ಸಪ್ಪಳ ಇಲ್ರಿ. ಆಡುಗೋಳಿಗೂ ಬ್ಯಾಸರಾಗೇತಿ,” ಎಂದರು.

ಅವಳ ತಾಯಿ ಲಗಮವ್ವ ಹೊರಗೆ ಬಂದು ಬ್ಯಾಗು ನೋಡಿದರು. ಇರು ಎನ್ನಲಿಲ್ಲ. “ನಿನ್ನ ಮನಸಿಗೆ ಬಂದಂಗ ಮಾಡವಾ,” ಎಂದು ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕಾಯಿ, ಕುಬಸದ ಖಣ ಇಟ್ಟುಕೊಂಡು ಬಂದರು. ಹೊರಟು ನಿಂತ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವವರಲ್ಲ ಅವರು.

ಸೋನಾಲಿ ಓಢಣಿಯ ಸೆರಗು ಒಡ್ಡಿದಳು. ಕಣ್ಣು ಮಾತ್ರ ತಾಯಿಯ ಮುಖದ ಮೇಲೇ ಇತ್ತು. ಸೆರಗು ಸಡಿಲವಾಗಿ ಅಕ್ಕಿಯೆಲ್ಲ ನೆಲಕ್ಕೆ ಸುರಿಯಿತು.

“ಏ...” ಎಂದು ಬಾಯಿ ತೆರೆದ ಲಗಮವ್ವ ನನ್ನನ್ನು ನೋಡಿ ತಟ್ಟನೆ ಮುಚ್ಚಿಕೊಂಡರು.

ಆಗ ನನಗೆ ತಿಳಿಯಿತು. ಹುಡುಗಿಯನ್ನು ಕಳಿಸುವ ಮೊದಲು ನಾನೇ ಬಂದು ಹೇಳಿ ಹೋಗಿದ್ದೆ: ಬೈಯಬೇಡಿ, ಏನೂ ಕೇಳಬೇಡಿ, ಕೆಲಸ ಹಚ್ಚಬೇಡಿ, ಅವಳ ಇಷ್ಟಕ್ಕೆ ಅಡ್ಡ ಬರಬೇಡಿ. ಶಾಲೆಗೆ ಹೊರಡಿಸುವಷ್ಟರಲ್ಲಿ ಸ್ವಂತ ಮಗಳನ್ನು ಹತ್ತು ಸಲ ಬೈಯುವ ನಾನು! ಲಗಮವ್ವ ಅದನ್ನು ವ್ರತದಂತೆ ಪಾಲಿಸಿದ್ದರು.

“ಲಗಮವ್ವಾರ, ಬೈರಿ,” ಎಂದೆ.

“ಬೈಲೇನ್ರಿ? ಖರೇನ?”

“ಆ ಹಳೇ ಸುದ್ದಿ ಅಷ್ಟ ಕೆದಕಬ್ಯಾಡ್ರಿ. ಉಳಕಿದ್ದು ನಮ್ಮ ತಪ್ಪು. ಆಕಿ ನಿಮ್ಮ ಮಗಳ್ರಿ.”

ಲಗಮವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದರು. “ಕೈಯಾಗ ಜೀವ ಇಲ್ಲೇನ ಬೇ! ಉಡಿ ಹಿಡ್ಯಾಕ ಬರೂದಿಲ್ಲ, ರೊಟ್ಟಿ ಬಡ್ಯಾಕ ಬರೂದಿಲ್ಲ. ನಿನ್ನೆ ಆ ಕರ‍್ರಗ ಸುಟ್ಟ ರೊಟ್ಟಿ ಹೆಂಗ ನುಂಗೀನಿ ನನಗ ಗೊತ್ತು! ಈಗ ಬ್ಯಾಗ ಹಿಡಕೊಂಡ ಎಲ್ಲಿಗೆ ಹೊಂಟಿ? ಯಾರ ಮನೀಗೆ ಹೊಂಟಿ?” ಕೊನೆಯ ಮಾತಿಗೆ ಅವರ ದನಿ ಒಡೆಯಿತು.

“ಮತ್ತ ‘ಚಲೋ ಆಗೇತಿ’ ಅಂದ್ಯಲ್ಲ?” ಸೋನಾಲಿ ಅಳುತ್ತಲೇ ನಗುತ್ತಿದ್ದಳು.

“ಇವ್ರ ಅನ್ನಾಕ ಹಚ್ಚ್ಯಾರ!” ಲಗಮವ್ವ ನನ್ನ ಕಡೆ ತಿರುಗಿದರು. “ಇಷ್ಟ ಓದೀರಿ ಅಕ್ಕೋರ. ಬೈಯದಂಗ ಮಗಳನ್ನ ಸಾಕಾಕ ಆಕ್ಕೈತೇನು? ಒಂದಿನ ನೀವ ಮಾಡಿ ನೋಡ್ರಿ!”

ಸೋನಾಲಿ ನೆಲಕ್ಕೆ ಕೂತು ಅಕ್ಕಿ ಬಳಿಯತೊಡಗಿದಳು. ತಲೆ ಎತ್ತದೆಯೇ ಹೇಳಿದಳು: “ಕೋರ್ಟ್ ತಾರೀಖಿಗೆ ನಿಮ್ಮ ಕೂಡ ಪುಣೇಕ ಬರ್ತೇನ್ರಿ ಅಕ್ಕೋರ. ಉಳದ ದಿನ ಇಲ್ಲೇ.”

ಮೊರದಲ್ಲಿ ಉಳಿದಿದ್ದ ಅಕ್ಕಿಯನ್ನು ಲಗಮವ್ವ ನನ್ನ ಉಡಿಗೆ ಹಾಕಿದರು. ಹೊರಡುವವಳು ನಾನೊಬ್ಬಳೇ ಆಗಿದ್ದೆ.